ಮುನ್ನೂರು ಡಿಪಿಐ ರಾಯರು

ಗೃಹಪ್ರವೇಶಕ್ಕೆ ಬಂದವರಲ್ಲಿ ಅಡುಗೆಮನೆ ಕಟ್ಟೆಗೆ ಯಾವ ಕಲ್ಲು ಹಾಕಿಸಿದ್ದಾರೆಂದು ನೋಡುವವರಿರುತ್ತಾರೆ, ಸಂಪು ಎಷ್ಟು ಸಾವಿರ ಲೀಟರಿನದೆಂದು ವಿಚಾರಿಸುವವರಿರುತ್ತಾರೆ, ಯಾವ ಗೋಜಿಗೂ ಹೋಗದೆ ನೇರವಾಗಿ ಎಲೆ ಮುಂದೆ ಕೂರುವ ಪುಣ್ಯಾತ್ಮರೂ ಇರುತ್ತಾರೆ. ನಮ್ಮ ರಾಯರು ಈ ಯಾವ ಪೈಕಿಯೂ ಅಲ್ಲ. ಚಪ್ಪಲಿ ಬಿಟ್ಟವರೇ ಹಾಲಿನ ಗೋಡೆಯ ಹತ್ತಿರ ಹೋಗಿ, ಅಲ್ಲಿ ತೂಗುಹಾಕಿರುವ ದೊಡ್ಡ ಫೋಟೋದ ಮುಂದೆ ನಿಂತು, ಕನ್ನಡಕವನ್ನು ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಬಾಗುತ್ತಾರೆ. ಒಂದು ನಿಮಿಷ ಉಸಿರಾಡುವುದಿಲ್ಲ. ಆಮೇಲೆ ನೆಟ್ಟಗಾಗಿ ತೀರ್ಪು ಕೊಡುತ್ತಾರೆ: "ಎಪ್ಪತ್ತೆರಡು. ಹೆಚ್ಚೆಂದರೆ ಎಂಬತ್ತು."

ಮನೆಯ ಯಜಮಾನರು ಪಾಪ, ತಮ್ಮ ತಾಯಿಯ ಫೋಟೋ ನೋಡಿ ಹೇಳಿದ್ದೆಂದುಕೊಂಡು, "ಇಲ್ಲ ಸಾರ್, ಹೋದಾಗ ಅಮ್ಮನಿಗೆ ಅರವತ್ತೆಂಟು ಅಷ್ಟೆ" ಎನ್ನುತ್ತಾರೆ.

"ವಯಸ್ಸಲ್ಲ ಸ್ವಾಮಿ. ಇಂಚಿಗೆ ಪಿಕ್ಸೆಲ್ಲು. ಮುನ್ನೂರು ಇರಬೇಕಿತ್ತು. ಯಾರು ಮಾಡಿಕೊಟ್ಟದ್ದು ಇದನ್ನ?"

ಅಲ್ಲಿಗೆ ತೀರಿಹೋದ ತಾಯಿಯ ವಿಷಯ ಬಿಟ್ಟು ಫೋಟೋ ಮಾಡಿಕೊಟ್ಟ ಸ್ಟುಡಿಯೋದವನ ವಿಷಯ ಶುರುವಾಗುತ್ತದೆ. ಪಾಯಸ ಬಡಿಸುವ ಹೊತ್ತಿಗೂ ಮುಗಿದಿರುವುದಿಲ್ಲ.

ರಾಯರು ಒಬ್ಬರೇ ಎಂದು ತಿಳಿಯಬೇಡಿ. ಮೈಸೂರಿನ ಕುವೆಂಪುನಗರದಲ್ಲಿ ರಸ್ತೆಗೊಬ್ಬರು ಸಿಗುತ್ತಾರೆ. ಬೆಂಗಳೂರಿನ ಜಯನಗರ, ಮಲ್ಲೇಶ್ವರಗಳಲ್ಲಿ ಒಂದೊಂದು ತಿರುವಿಗೂ ಇದ್ದಾರೆ. ಸಾಮಾನ್ಯವಾಗಿ ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ನಿವೃತ್ತರಾದವರು. ಗ್ರಾಚ್ಯುಟಿ ಬಂದ ತಿಂಗಳು ಕ್ಯಾಮೆರಾ, ಮಗಳು ಅಮೆರಿಕದಿಂದ ಬಂದ ವರ್ಷ ಲೆನ್ಸು. ತೇಜಸ್ವಿಯವರ ಹಕ್ಕಿ ಪುಸ್ತಕಗಳನ್ನು ಓದಿ ಕೆಟ್ಟವರು, ಅಥವಾ ಸುಧಾರಿಸಿದವರು; ನೋಡುವವರ ಮೇಲೆ ಹೋಗುತ್ತದೆ. ಬೆಳಗಿನ ಐದೂವರೆಗೆ ಎಲೆಬಣ್ಣದ ಟೋಪಿ ಹಾಕಿಕೊಂಡು ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಕೂತಿರುತ್ತಾರೆ. ವಾಕಿಂಗಿಗೆ ಬಂದವರು ಸೊಸೆಯ ವಿಚಾರ ಮಾತಾಡಿಕೊಂಡು ಹೋದರೆ ತುಟಿ ಮೇಲೆ ಬೆರಳಿಟ್ಟು ಗದರುತ್ತಾರೆ.

ಇಲ್ಲಿಯವರೆಗೆ ಅವರು ಎಲ್ಲ ಪಕ್ಷಿ ಛಾಯಾಗ್ರಾಹಕರ ಹಾಗೆಯೇ. ವ್ಯತ್ಯಾಸ ಗೊತ್ತಾಗುವುದು ಮನೆಗೆ ಬಂದ ಮೇಲೆ. ಬೇರೆಯವರು ಕಾಫಿ ಕುಡಿಯುತ್ತಾ ಚಿತ್ರವನ್ನು ಫೇಸ್‌ಬುಕ್ಕಿಗೆ ಏರಿಸಿ, ಲೈಕು ಎಣಿಸಿಕೊಂಡು ಸ್ನಾನಕ್ಕೆ ಹೋಗುತ್ತಾರೆ. ರಾಯರು ಏರಿಸುವುದಿಲ್ಲ. "ಫೋನಲ್ಲಿ ನೋಡೋದು ಫೋಟೋನೇ ಅಲ್ಲ. ಗೋಡೆ ಮೇಲೆ ಬರಬೇಕು. ಇಪ್ಪತ್ತು-ಮೂವತ್ತು ಬರಬೇಕು." ಎಂದರೆ ಮೂವತ್ತು ಇಂಚು ಅಗಲ, ಇಪ್ಪತ್ತು ಇಂಚು ಎತ್ತರ. ಮಾತೇನೋ ಸರಿಯಾದದ್ದೇ. ಹಾಗೆ ಹೇಳಲು ಶುರುಮಾಡಿ ಎಷ್ಟೋ ವರ್ಷವಾಯಿತು. ಗೋಡೆಗೆ ಮೊಳೆ ಹೊಡೆದಾಗಿದೆ. ಆ ಮೊಳೆಗೆ ಅವರ ಮನೆಯಾಕೆ ಸದ್ಯಕ್ಕೆ ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರ್ ತಗುಲಿಹಾಕಿದ್ದಾರೆ.

ಚಿತ್ರ ಯಾವುದು ಎನ್ನುವುದರಲ್ಲಿ ಗೊಂದಲವಿಲ್ಲ. ಲಿಂಗಾಂಬುಧಿ ಕೆರೆಯ ಬಳಿ ತೆಗೆದ ಹಸಿರು ಕಳ್ಳಿಪೀರ. ಎಡಗಡೆ ಒಣಗಿದ ಜಾಲಿ ಮುಳ್ಳಿನ ತುದಿಯಲ್ಲಿ ಕೂತು ಹಕ್ಕಿ ಕತ್ತೆತ್ತಿ ನೋಡುತ್ತಿದೆ. ಬಲಗಡೆ ಏನೂ ಇಲ್ಲ, ಬರೀ ಆಕಾಶ. ಹಕ್ಕಿ ಕೊಕ್ಕಿನಿಂದ ಬಾಲದವರೆಗೆ ಸ್ಪಷ್ಟವಾಗಿರಲಿ ಎಂದು ಲೆನ್ಸಿನ ಕಿಂಡಿಯನ್ನು ಎಫ್ 16ಕ್ಕೆ ಕಿರಿದಾಗಿಸಿದ್ದರಂತೆ. ಒಳ್ಳೆಯ ಚಿತ್ರ, ಸುಮ್ಮನೆ ಹೊಗಳುತ್ತಿಲ್ಲ. ಆವತ್ತೇ ಕೊಟ್ಟಿದ್ದರೆ ಆವತ್ತೇ ಗೋಡೆಗೆ ಬರುತ್ತಿತ್ತು. ರಾಯರು ಕೊಡಲಿಲ್ಲ, ಫೈಲ್ 'ರೆಡಿ' ಮಾಡಲು ಕುಳಿತರು.

ಅದಕ್ಕೆ ಒಂದು ಕೋಣೆಯೇ ಇದೆ. ಮಗಳು ಓದಿಕೊಳ್ಳುತ್ತಿದ್ದ ಕೋಣೆ, ಮೊದಲು ಗಿಳಿಹಸಿರು ಬಣ್ಣದ್ದು. ಗೋಡೆಯ ಬಣ್ಣ ಪರದೆಯ ಮೇಲೆ ಬಿದ್ದು ಕಣ್ಣು ಮೋಸಹೋಗುತ್ತದೆಂದು ಅದಕ್ಕೆ ಬೂದು ಬಣ್ಣ ಹೊಡೆಸಿದರು. ಕಿಟಕಿಗೆ ಕಪ್ಪು ಪರದೆ. ಮಾನಿಟರಿನ ಮೂರು ಕಡೆಗೂ ಕಪ್ಪು ರಟ್ಟಿನ ತಡಿಕೆ. ಬ್ಯಾಂಕಿಗೆ ರಜೆಯಿರುವ ಎರಡನೇ ಶನಿವಾರದಂದು, ನಿವೃತ್ತರಾದ ಮೇಲೂ ಆ ಲೆಕ್ಕ ತಪ್ಪಿಲ್ಲ, ಬಣ್ಣ ಅಳೆಯುವ ಒಂದು ಪುಟ್ಟ ಯಂತ್ರವನ್ನು ಪರದೆಯ ಮೇಲೆ ಇಳಿಬಿಟ್ಟು ಕೂರುತ್ತಾರೆ. ಪರದೆ ಕೆಂಪಾಗುತ್ತದೆ, ಹಸಿರಾಗುತ್ತದೆ, ನೀಲಿಯಾಗುತ್ತದೆ. ಅಷ್ಟು ಹೊತ್ತೂ ಮನೆಯಲ್ಲಿ ಮಿಕ್ಸಿ ಹಾಕುವಂತಿಲ್ಲ, ವೋಲ್ಟೇಜ್ ಇಳಿಯುತ್ತದೆಯಂತೆ. ಒಳಗೆ ಬರುವವರು ಗಾಢ ಬಣ್ಣದ ಬಟ್ಟೆ ಹಾಕಿರಬಾರದು. ಒಮ್ಮೆ ನಾನು ಕುಂಕುಮ ಬಣ್ಣದ ಅಂಗಿ ತೊಟ್ಟು ಹೋಗಿದ್ದೆ. ಬಾಗಿಲಲ್ಲೇ ತಡೆದು, "ನೀವು ಒಳಗೆ ಬಂದರೆ ಹಕ್ಕಿ ಕೆಂಪಾಗುತ್ತೆ" ಎಂದರು. ಮಾತು ಹೊಸಿಲಿನ ಆಚೆ ಈಚೆ ನಿಂತೇ ನಡೆಯಿತು.

"ಸೂತಕದ ಮನೆ ಹಾಗೆ ಮಾಡಿಟ್ಟಿದ್ದಾರೆ ನೋಡಿ" ಎಂದು ಅವರ ಮನೆಯಾಕೆ ಕಾಫಿ ತಂದುಕೊಟ್ಟರು. ಕತ್ತಲಲ್ಲಿ ಟ್ರೈಪಾಡಿಗೆ ಎಡವಿ ಅವರ ಕಾಲಿನ ಹೆಬ್ಬೆರಳಿನ ಉಗುರು ಹೋಗಿತ್ತು.

ಇಷ್ಟಕ್ಕೂ ರಾಯರು ಹೇಳುವುದರಲ್ಲಿ ಸುಳ್ಳಿಲ್ಲ, ಅದೇ ತೊಂದರೆ. ಪ್ರಿಂಟು ಕಪ್ಪಾಗಿ ಬಂತೆಂದು ಗೋಳಾಡುವವರಲ್ಲಿ ಮುಕ್ಕಾಲು ಪಾಲು ಜನ ಮಾನಿಟರಿನ ಬೆಳಕನ್ನು ಅಂಗಡಿಯಿಂದ ತಂದ ದಿನ ಇದ್ದಂತೆಯೇ ಕಣ್ಣು ಕುಕ್ಕುವಷ್ಟು ಇಟ್ಟುಕೊಂಡವರು. ಪರದೆ ತಾನೇ ಬೆಳಗುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ವಾಪಸು ಕೊಡುತ್ತದೆ. ಆದ್ದರಿಂದ ಪ್ರಿಂಟಿಗಾಗಿ ಕೆಲಸ ಮಾಡುವಾಗ ಪರದೆಯ ಬೆಳಕನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಗೆ ಇಳಿಸಬೇಕು ಎನ್ನುವುದು ಬಲ್ಲವರ ಮಾತು. ರಾಯರು ತೊಂಬತ್ತಕ್ಕೆ ಇಳಿಸಿದ್ದಾರೆ. ಹೀಗೆ ಒಂದೊಂದೂ ನಿಜವಾದ ಹತ್ತಾರು ಮಾತು ಸೇರಿ ಒಬ್ಬ ಮನುಷ್ಯನನ್ನು ಏನು ಮಾಡಿಬಿಡುತ್ತವೆ ಎಂಬುದಕ್ಕೆ ಕ್ಯಾಮೆರಾಗಳ ಕಥೆ ಹೇಳಬೇಕು.

ಕಳ್ಳಿಪೀರವನ್ನು ತೆಗೆದದ್ದು 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ. ಅಡ್ಡಕ್ಕೆ 6000 ಪಿಕ್ಸೆಲ್, ಎತ್ತರಕ್ಕೆ 4000. ಇಂಚಿಗೆ 300ರಂತೆ ಭಾಗಿಸಿದರೆ ಅಗಲ ಇಪ್ಪತ್ತೇ ಇಂಚು. ಮೂವತ್ತಕ್ಕೆ ಹತ್ತು ಇಂಚು ಖೋತಾ. ಜಮಾ-ಖರ್ಚು ಹೊಂದದಿದ್ದರೆ ಶಾಖೆಯ ಬಾಗಿಲು ಹಾಕಗೊಡದಿದ್ದ ಮನುಷ್ಯ. ಹತ್ತು ಇಂಚು ಹೊಂದದೆ ನಿದ್ದೆ ಎಲ್ಲಿಂದ ಬರಬೇಕು? 45 ಮೆಗಾಪಿಕ್ಸೆಲ್ಲಿನದು ತಂದರು. ಅದರ ಅಗಲ 8256 ಪಿಕ್ಸೆಲ್. ಭಾಗಿಸಿದರೆ ಇಪ್ಪತ್ತೇಳೂವರೆ ಇಂಚು. ಎರಡೂವರೆ ಇಂಚಿನ ಚಿಂತೆಯಲ್ಲಿ ಒಂದು ಮಳೆಗಾಲ ಕಳೆಯಿತು. ಆಮೇಲೆ ಒಂದು ಎಫ್‌ಡಿ ಮುರಿಸಿ 61 ಮೆಗಾಪಿಕ್ಸೆಲ್ಲಿನದು ಬಂತು. 9504 ಪಿಕ್ಸೆಲ್, ಮೂವತ್ತೊಂದೂ ಮುಕ್ಕಾಲು ಇಂಚಿನ ಹತ್ತಿರ. ಸಿಹಿ ಹಂಚಿದರು. ಸಿಹಿ ತಿಂದ ಮೇಲೆ ಅವರ ಮನೆಯಾಕೆಯೇ ಕೇಳಿದ್ದು: "ಹೊಸ ಕ್ಯಾಮೆರಾ ಬಂತು ಅಂದರೆ ಹಳೇ ಹಕ್ಕಿ ದೊಡ್ಡದಾಗುತ್ತೇನ್ರೀ?"

ಆಗುವುದಿಲ್ಲ. ಚಿತ್ರ ತೆಗೆದ ದಿನ ಎಷ್ಟು ಪಿಕ್ಸೆಲ್ ಬಿದ್ದಿತ್ತೋ ಅಷ್ಟೇ. ಹೊಸ ಕ್ಯಾಮೆರಾ ಹೊತ್ತು ರಾಯರು ಲಿಂಗಾಂಬುಧಿಗೆ ಮತ್ತೆ ಮತ್ತೆ ಹೋದರು. ಅದೇ ಜಾಲಿ, ಅದೇ ಬೆಳಕು, ಅದೇ ವೇಳೆ. ಕಳ್ಳಿಪೀರಗಳು ಬಂದವು, ಬೇರೆ ಬೇರೆ ಕೊಂಬೆಗಳ ಮೇಲೆ ಕೂತವು, ಬೆನ್ನು ತೋರಿಸಿದವು, ಹೋದವು.

ಈ ಮುನ್ನೂರು ಎಲ್ಲಿಂದ ಬಂತು ಎಂದು ನಾನು ಒಮ್ಮೆ ಕೆದಕಿದ್ದುಂಟು. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಒಂದು ಅಡಿ ದೂರದಲ್ಲಿ ಪುಸ್ತಕ ಹಿಡಿದು ನೋಡುವವನಿಗೆ ಅದು ಇಂಚಿಗೆ ಸುಮಾರು 286 ಚುಕ್ಕೆ, ದುಂಡಗೆ ಮುನ್ನೂರು. ದೂರ ಹೆಚ್ಚಿದ ಹಾಗೆ ಬೇಕಾದ ಪಿಕ್ಸೆಲ್ ಕಡಿಮೆಯಾಗುತ್ತಾ ಹೋಗುತ್ತದೆ. ಮೂರು ಅಡಿಗೆ 95 ಸಾಕು. ಸೋಫಾದಿಂದ ಗೋಡೆಗೆ ಆರು ಅಡಿ ಇದೆಯೆನ್ನಿ, 48 ಸಾಕು. ರಾಯರ ಹಳೆಯ 24 ಮೆಗಾಪಿಕ್ಸೆಲ್ ಚಿತ್ರವನ್ನು ಮೂವತ್ತು ಇಂಚಿಗೆ ಹಿಗ್ಗಿಸಿದರೂ ಇಂಚಿಗೆ 200 ಉಳಿಯುತ್ತದೆ; ಒಂದೂವರೆ ಅಡಿ ದೂರ ನಿಂತವನ ಕಣ್ಣಿಗೂ ಕೊರತೆ ಕಾಣದು. 2015ರಲ್ಲಿ ಆಪಲ್ ಕಂಪನಿ ಐಫೋನ್ 6ರಲ್ಲಿ ತೆಗೆದ ಚಿತ್ರಗಳನ್ನು ಊರೂರಿನ ಭಾರಿ ಹೋರ್ಡಿಂಗುಗಳ ಮೇಲೆ ಹಾಕಿತಲ್ಲ, ಆ ಫೋನಿನ ಕ್ಯಾಮೆರಾ 8 ಮೆಗಾಪಿಕ್ಸೆಲ್ಲಿನದು. ಇದನ್ನೆಲ್ಲ ಕಾಗದದ ಮೇಲೆ ಲೆಕ್ಕಮಾಡಿ ರಾಯರ ಮುಂದಿಟ್ಟೆ. ಅವರು ಕೂಡಿಸಿ ಕಳೆದು ತಾಳೆ ನೋಡಿದರು. ತಪ್ಪು ಸಿಗಲಿಲ್ಲ.

"ಸರಿ. ಆದರೆ ಯಾರಾದರೂ ಹತ್ತಿರ ಬಂದು ನೋಡಿದರೆ?"

"ನಾಲ್ಕು ಇಂಚು ಹತ್ತಿರ ಬಂದು ಹಕ್ಕಿ ಫೋಟೋ ನೋಡುವವರು ಯಾರು ಬರುತ್ತಾರೆ ರಾಯರೇ?"

"ನಾನು."

ಇದಕ್ಕೆ ಉತ್ತರವಿಲ್ಲ. ದೊಡ್ಡ ಪ್ರಿಂಟಿನ ಲೋಕದಲ್ಲಿ ದೂರದ್ದೇ ಕಾರುಬಾರು; ದೂರ ನಿಲ್ಲುವುದೊಂದನ್ನು ಬಿಟ್ಟು ರಾಯರು ಮಿಕ್ಕೆಲ್ಲ ಕಲಿತಿದ್ದಾರೆ. ಅವರಿಗೆ ಆ ಪಾಠವನ್ನು ನೇರವಾಗಿ ಹೇಳಿಕೊಟ್ಟವನು ಒಬ್ಬನೇ. ಮೊಮ್ಮಗನನ್ನು ಕರೆದುಕೊಂಡು ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿದ್ದಾಗ, ಹಲ್ದನಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ರಾಯರು ಕನ್ನಡಕ ಹಣೆಗೇರಿಸಿ ಬಾಗಿದ್ದಾರೆ. "ನೆರಳಿನ ಕಡೆ ಡೀಟೇಲ್ ಉಳಿದಿದೆ ನೋಡು, ನಾಯ್ಸ್ ಒಂದು ಚೂರೂ ಇಲ್ಲ" ಎಂದು ಹುಡುಗನಿಗೆ ತೋರಿಸುತ್ತಿದ್ದಾರೆ. ಅದು ಜಲವರ್ಣ. ಮೂಲೆಯಲ್ಲಿ ಸ್ಟೂಲಿನ ಮೇಲಿದ್ದ ಕಾವಲಿನವನು ಕೂತಲ್ಲಿಂದಲೇ, "ಯಜಮಾನ್ರೇ, ಸ್ವಲ್ಪ ದೂರ ನಿಂತ್ಕೊಂಡು ನೋಡಿ" ಎಂದ. ದೃಗ್ವಿಜ್ಞಾನದ ಇಡೀ ಸಾರ ಅದರಲ್ಲಿತ್ತು. ರಾಯರಿಗೆ ಅವಮಾನವಾಯಿತೇ ಹೊರತು ಜ್ಞಾನೋದಯವಾಗಲಿಲ್ಲ.

ರಾಯರಿಗೆ ತದ್ವಿರುದ್ಧವಾದ ಪ್ರಾಣಿ ಅವರ ರಸ್ತೆಯ ಕೊನೆಯಲ್ಲೇ ಇದೆ: ಫ್ಲೆಕ್ಸ್ ಅಂಗಡಿಯ ಹುಡುಗ. ಒಂದು ಕಿವಿಯಲ್ಲಿ ಇಯರ್‌ಫೋನು, ಎದುರಿಗೆ ಕೋರೆಲ್‌ಡ್ರಾ. ಅವನ ಬಳಿಗೆ ಬರುವ ಫೋಟೋಗಳು ನಾಲ್ಕು ಗ್ರೂಪು ದಾಟಿ ವಾಟ್ಸಾಪಿನಲ್ಲಿ ಬಂದವು. ಉದ್ದದ ಕಡೆ 1600 ಪಿಕ್ಸೆಲ್ಲಿನ ಆಸುಪಾಸಿಗೆ ಇಳಿದಿರುತ್ತವೆ. ಕೆಲವರಂತೂ ಫೋಟೋ ಬದಲು ಅದರ ಸ್ಕ್ರೀನ್‌ಶಾಟ್ ಕಳಿಸಿರುತ್ತಾರೆ. ಮೂಲೆಯಲ್ಲಿ ಬ್ಯಾಟರಿ 14 ಶೇಕಡಾ ಎಂದು ಕಾಣುತ್ತಿರುತ್ತದೆ. ಅದನ್ನೇ ಅವನು ಎಂಟಡಿ-ಆರಡಿಗೆ ಎಳೆಯುತ್ತಾನೆ. ಹತ್ತಿರ ಹೋದರೆ ಮುಖಂಡರ ಮುಖದ ತುಂಬ ಚೌಕಗಳು, ಜೆಪೆಗ್ ಚಿತ್ರವನ್ನು ಎಂಟೆಂಟು ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸಿಯೇ ಕುಗ್ಗಿಸುವುದು. ಆದರೆ ಮುಖಂಡರಿರುವುದು ಕಂಬದ ಮೇಲೆ. ಹತ್ತಿರ ಯಾರು ಹೋಗುತ್ತಾರೆ? 2016ರಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ಕಿನ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತ್ತು. ಹುಟ್ಟುಹಬ್ಬಗಳನ್ನು ನಿಷೇಧಿಸದೆ ಇದ್ದದ್ದರಿಂದ ಅಂಗಡಿ ನಡೆದೇ ಇದೆ.

ರಾಯರು ಆ ಹುಡುಗನನ್ನು ತಿದ್ದಲು ಹೋಗಿದ್ದುಂಟು. "ಏನಪ್ಪಾ, ಇದು ಇಂಚಿಗೆ ಹದಿನಾರು ಪಿಕ್ಸೆಲ್ ಆಯ್ತಲ್ಲೋ!" ಹುಡುಗ ಇಯರ್‌ಫೋನ್ ತೆಗೆಯದೆ, "ಬರುತ್ತೆ ಬಿಡಿ ಸಾರ್. ನಾಳೆ ಮಧ್ಯಾಹ್ನಕ್ಕೆ ಬಿಚ್ಚುತ್ತಾರೆ" ಎಂದ. ಆಮೇಲೆ ಏನನ್ನಿಸಿತೋ, "ನಿಮ್ಮ ಹಕ್ಕಿ ಫೋಟೋ ವಾಟ್ಸಾಪ್ ಮಾಡಿ ಸಾರ್, ಅರ್ಧ ಗಂಟೇಲಿ ಹೊಡೆದುಕೊಡ್ತೀನಿ, ಐಲೆಟ್ ಬೇಕಾ?" ಎಂದು ಕೇಳಿದ. ಐಲೆಟ್ ಎಂದರೆ ಫ್ಲೆಕ್ಸಿನ ಅಂಚಿಗೆ ಹಗ್ಗ ಕಟ್ಟಲು ಬಡಿಯುವ ಬಳೆ. ರಾಯರು ವಾರಗಟ್ಟಲೆ ಆ ಕಡೆ ಹೋಗದೆ ಹಿಂದಿನ ರಸ್ತೆಯಿಂದ ಹಾಲು ತಂದರು. ಅವರಿಗೆ ನಾನು ಹೇಳದ ಇನ್ನೊಂದು ಲೆಕ್ಕವಿದೆ: 1600 ಪಿಕ್ಸೆಲ್ಲನ್ನು ಮೂವತ್ತು ಇಂಚಿಗೆ ಹಂಚಿದರೆ ಇಂಚಿಗೆ 53. ಸೋಫಾದಲ್ಲಿ ಕೂತವನಿಗೆ ಬೇಕಾದದ್ದು 48. ಹೇಳಿದ್ದರೆ ನಮ್ಮಿಬ್ಬರ ಮಾತುಕತೆ ನಿಂತುಹೋಗುತ್ತಿತ್ತು.

ಬಣ್ಣದ ವಿಚಾರಕ್ಕೆ ಬಂದರೆ ರಾಯರು ಇನ್ನೂ ಬಿಗಿ. ಕಳ್ಳಿಪೀರದ ಹಸಿರು ಸಾಮಾನ್ಯವಾದದ್ದಲ್ಲ. ಪರದೆಯಲ್ಲಿ ಹೊಳೆಯುವ ಎಷ್ಟೋ ಹಸಿರುಗಳು ಶಾಯಿಗೆ ಸಿಗುವುದಿಲ್ಲ. ಯಾವ ಕಾಗದದ ಮೇಲೆ ಯಾವ ಶಾಯಿ ಎಷ್ಟು ಬಣ್ಣ ಹಿಡಿಯುತ್ತದೆ ಎಂಬ ಜಾತಕ ಒಂದು ಪುಟ್ಟ ಫೈಲಿನಲ್ಲಿರುತ್ತದೆ, ಅದಕ್ಕೆ ಐಸಿಸಿ ಪ್ರೊಫೈಲ್ ಎನ್ನುತ್ತಾರೆ. ಅದನ್ನು ಹಾಕಿಕೊಂಡರೆ ಪ್ರಿಂಟು ಹೇಗೆ ಬರಬಹುದೆಂದು ಪರದೆಯಲ್ಲೇ ಮುಂಚಿತವಾಗಿ ಕಾಣಬಹುದು. ರಾಯರು ಪೇಟೆಯ ಒಂದು ಸ್ಟುಡಿಯೋಗೆ ಹೋಗಿ ಗಂಭೀರವಾಗಿ, "ನಿಮ್ಮಲ್ಲಿ ಐಸಿಸಿ ಇದೆಯಾ?" ಎಂದರು. ಕೌಂಟರಿನ ಹುಡುಗ ಖುಷಿಯಾಗಿ ಟೀವಿಯ ರಿಮೋಟ್ ತೆಗೆದು, "ಮಳೆ ಬಂದು ನಿಂತಿದೆ ಸಾರ್, ಹದಿನಾಲ್ಕು ಓವರಿಗೆ ಮೂರು ವಿಕೆಟ್" ಎಂದ.

ಇನ್ನೊಮ್ಮೆ ಅಕ್ಕನ ಮೊಮ್ಮಗನ ಉಪನಯನದ ಫೋಟೋಗಳನ್ನು ದೊಡ್ಡದು ಮಾಡಿಸಿಕೊಡುವ ಹೊಣೆ ಹೊತ್ತರು. ತುಂಬ ವಿಶಾಲವಾದ ಪ್ರೊಫೋಟೋ ಎಂಬ ಬಣ್ಣದ ಕ್ರಮದಲ್ಲಿ ಫೈಲ್ ಉಳಿಸಿ ಕಳಿಸಿದರು. ಸ್ಟುಡಿಯೋದ ಯಂತ್ರಕ್ಕೆ ಗೊತ್ತಿದ್ದದ್ದು ಒಂದೇ, ಎಲ್ಲ ಫೋನು ಮಾನಿಟರುಗಳಿಗೂ ಗೊತ್ತಿರುವ ಎಸ್‌ಆರ್‌ಜಿಬಿ. ಅದು ಇವರ ಅಂಕಿಗಳನ್ನು ತನ್ನ ಅಂಕಿಗಳೆಂದೇ ಓದಿತು. ಬಂಗಾರದ ಜರಿ ಹಿತ್ತಾಳೆಗೆ ಇಳಿಯಿತು, ವಟುವಿನ ಮುಖ ಜ್ವರದಿಂದ ಎದ್ದವನದಾಯಿತು, ಹೋಮದ ಬೆಂಕಿ ಆರಿದಂತಾಯಿತು. ಅಕ್ಕ ನೋಡಿ, "ಪುರೋಹಿತರದೊಂದು ಚೆನ್ನಾಗಿ ಬಂದಿದೆ ಕಣೋ" ಎಂದರು. ಅವರು ಮೊದಲೇ ಸಪ್ಪಗಿದ್ದರು.

ಇನ್ನು ಶಾರ್ಪ್ ಮಾಡುವ ವ್ರತ. ಅದು ಮೂರು ಹಂತದ್ದು: ಕ್ಯಾಮೆರಾದಿಂದ ಇಳಿಸಿದ ಕೂಡಲೇ ಒಂದು, ಚಿತ್ರದ ಮುಖ್ಯ ಭಾಗಕ್ಕೆ ಇನ್ನೊಂದು, ಕಾಗದವನ್ನೂ ಗಾತ್ರವನ್ನೂ ನೋಡಿಕೊಂಡು ಕೊನೆಯಲ್ಲಿ ಮತ್ತೊಂದು. ಬ್ರೂಸ್ ಫ್ರೇಸರ್ ಎಂಬಾತ ಪುಸ್ತಕ ಬರೆದು ಹೇಳಿಕೊಟ್ಟ ಕ್ರಮ, ಒಳ್ಳೆಯದೇ. ರಾಯರು ಮೂರನ್ನೂ ಮಾಡುವುದು ಹಕ್ಕಿಯ ಕಣ್ಣಿಗೆ. ಪರದೆಯನ್ನು ಇನ್ನೂರು ಶೇಕಡಾಕ್ಕೆ ಹಿಗ್ಗಿಸಿ, ಕೆಂಪು ಕಣ್ಣಿನ ಸುತ್ತ ಕಪ್ಪು ಪಟ್ಟೆ, ಪಟ್ಟೆಯಲ್ಲಿ ಒಂದೊಂದು ಎಳೆ, ಅಲ್ಲೇ ಕೂತಿರುತ್ತಾರೆ. ನಾನು ಯಾವಾಗ ಹೋದರೂ ಪರದೆಯ ತುಂಬ ಆ ಕಣ್ಣೇ. ಬಾಲ ಇದೆಯೋ ಇಲ್ಲವೋ ಅವರಿಗೂ ಮರೆತಿರಬೇಕು.

ಕಾಗದ ಆರಿಸಿದ್ದು ಮಾತ್ರ ನೋಡುವ ಹಾಗಿತ್ತು. ಬೆಂಗಳೂರಿನ ಒಂದು ಪ್ರಿಂಟ್ ಲ್ಯಾಬಿನಿಂದ ಮಾದರಿಯ ಕಟ್ಟು ತರಿಸಿದ್ದರು: ಹೊಳಪಿನದು, ಅರೆಹೊಳಪಿನದು, ಬರೈಟಾ, ಕ್ಯಾನ್ವಾಸ್, ಹತ್ತಿಯಿಂದ ಮಾಡಿದ ಚದರ ಮೀಟರಿಗೆ 308 ಗ್ರಾಂ ತೂಗುವ ಮ್ಯಾಟ್. ಒಂದೊಂದನ್ನೂ ಧಾರೆ ಸೀರೆ ಆರಿಸುವವರ ಹಾಗೆ ಹಗಲು ಬೆಳಕಿಗೆ ಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಮಡಿಲಲ್ಲಿ ಹರವಿಕೊಂಡು ಕೂತಿದ್ದರು. ಮನೆಯಾಕೆ ದೂರದಿಂದ ನೋಡಿ, "ನನ್ನ ಮದುವೆ ಸೀರೆ ತರೋವಾಗ ಹೀಗೆ ಯಾರೂ ನೋಡಲಿಲ್ಲ" ಎಂದರು.

ಕಡೆಗೆ ಹತ್ತಿಯ ಕಾಗದ ಗೊತ್ತಾಯಿತು. ಅದೇ ವಾರ ಲ್ಯಾಬಿನವರು ಫೋನಿನಲ್ಲಿ ಸಹಜವಾಗಿ ಒಂದು ಮಾತು ಹೇಳಿದರು: "ನಮ್ಮದು ಎಪ್ಸನ್ ಸಾರ್, ಅದು 360 ತೆಗೆದುಕೊಳ್ಳುತ್ತೆ." ರಾಯರು ಫೋನ್ ಇಟ್ಟು ಬಹಳ ಹೊತ್ತು ಸುಮ್ಮನಿದ್ದರು. ಇಷ್ಟು ವರ್ಷ ಪೂಜಿಸಿದ ಸಂಖ್ಯೆ ಮುನ್ನೂರು! ಮತ್ತೆ ಮೊದಲಿನಿಂದ: ಮೂವತ್ತು ಇಂಟು ಮುನ್ನೂರರವತ್ತು, 10,800, ಇಪ್ಪತ್ತು ಇಂಟು ಮುನ್ನೂರರವತ್ತು, 7,200. ಇದ್ದದ್ದು 6000 ಮತ್ತು 4000. ಬಣ್ಣಕ್ಕೆ ಹದಿನಾರು ಬಿಟ್ಟಿನಂತೆ ಉಳಿಸಿದರೆ ಪದರಗಳಿಲ್ಲದ ಬರಿಯ ಫೈಲೇ 466 ಎಂಬಿ. ಪದರಗಳು ಸೇರಿದವೋ, ಫೋಟೋಶಾಪಿನ ಮಾಮೂಲಿ ಫೈಲಿಗಿರುವ 2 ಜಿಬಿ ಮಿತಿಯೂ ದಾಟಿತು. ಹೆಸರುಗಳು ಹೀಗೆ ಬೆಳೆದವು: 'ಕಳ್ಳಿಪೀರ ಫೈನಲ್', 'ಕಳ್ಳಿಪೀರ ಫೈನಲ್ ಹೊಸದು', 'ಕಳ್ಳಿಪೀರ ಇದೇ ಫೈನಲ್', 'ಕಳ್ಳಿಪೀರ ಇದೇ ಫೈನಲ್ 360 ಮ್ಯಾಟ್'. ಎಲ್ಲವೂ ಮೂರು ಹಾರ್ಡ್‌ಡಿಸ್ಕಿನಲ್ಲಿ. ಒಂದು ಮನೆಯಲ್ಲಿ, ಒಂದು ತಮ್ಮನ ಮನೆಯಲ್ಲಿ, ಒಂದು ಬ್ಯಾಂಕ್ ಲಾಕರಿನಲ್ಲಿ. ಲಾಕರಿನಲ್ಲಿ ಜಾಗ ಸಾಲದೆ ಮನೆಯಾಕೆಯ ಡಾಬು ಈಗ ಅಕ್ಕಿ ಡಬ್ಬದಲ್ಲಿದೆ. ಇದನ್ನು ಬರೆಯಬಾರದಿತ್ತೇನೋ.

ಸೋದರಳಿಯನೊಬ್ಬ ಸುಲಭದ ದಾರಿ ತೋರಿಸಿದ: "ಮಾವ, ಎಐಗೆ ಹಾಕಿ, ಎರಡೇ ನಿಮಿಷ, ಡಬಲ್ ಮಾಡಿಕೊಡುತ್ತೆ." ರಾಯರು ಕೆರಳಿದರು. ಅದಕ್ಕೆ ಅವರ ಬಳಿ ಪುರಾವೆ ಇತ್ತು. ಇದೇ ಅಳಿಯ ಹಿಂದೆ ತಾತನ ಹಳೆಯ ಅಂಚೆಚೀಟಿ ಗಾತ್ರದ ಫೋಟೋವನ್ನು ವೈದಿಕಕ್ಕೆಂದು ಎಐನಲ್ಲಿ ಹಿಗ್ಗಿಸಿ ತಂದಿದ್ದ. ಕಚ್ಚೆ ಪಂಚೆ, ಪೇಟ, ಎಲ್ಲ ಸರಿಯಿತ್ತು. ತಾತನಿಗೆ ಬಾಯಿ ತುಂಬ ಒಂದೇ ಸಮನಾದ ಬಿಳಿ ಹಲ್ಲು ಬಂದಿತ್ತು. ಮನೆಯ ಹಿರಿಯರೊಬ್ಬರು ಪಿಂಡ ಇಡುವ ಮುಂಚೆ, "ಇವರು ನಮ್ಮ ಕಡೆಯವರಾ?" ಎಂದು ಕೇಳಿದ್ದರು. "ಇಲ್ಲದ್ದನ್ನ ಇದೆ ಅಂತ ಬರೆಯೋದಕ್ಕೆ ನಮ್ಮ ಬ್ಯಾಂಕಲ್ಲಿ ಫೋರ್ಜರಿ ಅಂತಿದ್ವಿ" ಎಂದು ರಾಯರು ಅಳಿಯನ ಬಾಯಿ ಮುಚ್ಚಿಸಿದರು. ಆವತ್ತು ರಾತ್ರಿ ಬೂದು ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತಂತೆ. ಬೆಳಿಗ್ಗೆ ಫೈಲ್ 10,800ಕ್ಕೆ ಬೆಳೆದಿತ್ತು. ಹೇಗೆಂದು ನಾವು ಯಾರೂ ಕೇಳಲಿಲ್ಲ.

ಪ್ರಿಂಟು ನಿಜಕ್ಕೂ ಆದದ್ದು ಮನೆಯಾಕೆಯಿಂದ. ಮಗಳು ಬರುವ ದಿನ ಹತ್ತಿರ ಬಂತು. "ಆ ಮೊಳೆಗೆ ಏನಾದರೂ ಹಾಕಿ, ಇಲ್ಲ ಮೊಳೆ ಕೀಳಿ" ಎಂದು ಒಂದೇ ಮಾತು ಹೇಳಿದರು. ರಾಯರು ಕೈನಡುಗುತ್ತಾ ಫೈಲ್ ಕಳಿಸಿದರು. ಬೆಂಗಳೂರಿನಿಂದ ಕೊಳವೆಯಲ್ಲಿ ಸುತ್ತಿದ ಪ್ರಿಂಟು ಬಂತು. ಫ್ರೇಮ್ ಅಂಗಡಿಯವನು, "ಸುತ್ತ ಮೌಂಟ್ ಹಾಕಿದರೆ ಬಾಲ ಒಂಚೂರು ಒಳಗೆ ಹೋಗುತ್ತೆ, ಪರವಾಗಿಲ್ವಾ?" ಎಂದು ಕೇಳಿ ಬೈಸಿಕೊಂಡ. ಕಡೆಗೂ ಕ್ಯಾಲೆಂಡರ್ ಇಳಿದು ಕಳ್ಳಿಪೀರ ಏರಿತು.

ಅದ್ಭುತವಾಗಿ ಬಂದಿತ್ತು. ಆ ಹಸಿರು, ಆ ಮುಳ್ಳು, ಮೆತ್ತನೆಯ ಆ ಆಕಾಶ. ರಾಯರ ಹುಚ್ಚಿಗೂ ಅರ್ಥವಿದೆ ಎಂದು ಆವತ್ತು ನನಗೂ ಅನ್ನಿಸಿತು. ಬಂದವರೆಲ್ಲ ಸೋಫಾದಲ್ಲಿ ಕೂತು ನೋಡಿದರು. ಫೋಟೋ ಕ್ಲಬ್ಬಿನ ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟು, "ಏನು ಕ್ಷಣ ಹಿಡಿದಿದ್ದೀರಿ ರಾಯರೇ! ಹಕ್ಕಿ ಗುರಿ ಇಟ್ಟಿದೆ, ಜೇನುನೊಣ ಬರ್ತಾ ಇದೆ. ಆ ನೊಣವೇ ಈ ಚಿತ್ರದ ಪ್ರಾಣ" ಎಂದರು.

"ಯಾವ ನೊಣ?" ಎಂದರು ರಾಯರು.

ಬಲಗಡೆಯ ಖಾಲಿ ಆಕಾಶದಲ್ಲಿ, ಮೇಲುಗಡೆ, ಒಂದು ಪುಟ್ಟ ಕಪ್ಪು ಜೀವ. ಸಣ್ಣ ರೆಕ್ಕೆಗಳೂ ಇದ್ದವು. ಸೋಫಾದಲ್ಲಿದ್ದ ನಮಗೆಲ್ಲ ಬಂದ ಕೂಡಲೇ ಕಂಡಿತ್ತು. ರಾಯರು ಕನ್ನಡಕ ಹಣೆಗೇರಿಸಿ ಗೋಡೆಗೆ ಹೋದರು. ಬೇಗ ವಾಪಸು ಬರಲಿಲ್ಲ.

ಅತಿಥಿಗಳು ಹೋದ ಮೇಲೆ ಬೂದು ಕೋಣೆಗೆ ನನ್ನನ್ನು ಕರೆದು, ಅಂಗಿಯ ಬಣ್ಣವನ್ನೂ ನೋಡದೆ ಒಳಗೆ ಬಿಟ್ಟುಕೊಂಡರು. ಕ್ಯಾಮೆರಾದಿಂದ ಬಂದ ಮೂಲ ಫೈಲ್ ತೆರೆದು, ಮೊದಲ ಸಲ ಹಕ್ಕಿಯ ಕಣ್ಣು ಬಿಟ್ಟು ಆ ಮೂಲೆಗೆ ಹೋದರು. ಅಲ್ಲಿ ನೊಣವಿರಲಿಲ್ಲ. ಬೂದು ಬಣ್ಣದ ಒಂದು ಮಸುಕು ಮಚ್ಚೆಯಿತ್ತು. ಸೆನ್ಸರಿನ ಮೇಲೆ ಕೂತ ಧೂಳು. ಎಫ್ 16ರಂಥ ಸಣ್ಣ ಕಿಂಡಿಯಲ್ಲಿ ಎದ್ದು ಕಾಣುವುದೇ ಅದರ ಗುಣ. ಚಿಲಕ ಹಾಕಿಕೊಂಡ ಆ ರಾತ್ರಿ ಎಐ ಅದನ್ನು ನೋಡಿ, ಹಕ್ಕಿ ಇದ್ದ ಮೇಲೆ ಹುಳವೂ ಇರಬೇಕೆಂದು ತೀರ್ಮಾನಿಸಿ ರೆಕ್ಕೆ ಬರೆದಿತ್ತು.

"ಸಲಾನಿಗೆ ಕಳಿಸಿ ಅಂತ ಕ್ಲಬ್ಬಿನ ಹಿರಿಯರು ಹಟ ಹಿಡಿದಿದ್ದಾರೆ" ಎಂದರು ರಾಯರು, ತೀರಾ ಸಣ್ಣ ದನಿಯಲ್ಲಿ. ಸಲಾನ್ ಎಂದರೆ ಛಾಯಾಚಿತ್ರ ಸ್ಪರ್ಧೆ; ಅದರ ನಿಸರ್ಗ ವಿಭಾಗದ ನಿಯಮ ರಾಯರಿಗೆ ಬಾಯಿಪಾಠ: ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಅಂಚು ಕತ್ತರಿಸುವುದು ಬಿಟ್ಟರೆ ಚಿತ್ರದಿಂದ ಏನನ್ನೂ ತೆಗೆಯಬಾರದು, ಧೂಳಿನ ಚುಕ್ಕೆ ಅಳಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ. "ನೊಣ ಅಂದರೆ ತೆಗೆಯೋ ಹಾಗಿಲ್ಲ. ಧೂಳು ಅಂದರೆ ತೆಗೆಯಬಹುದು. ಧೂಳಿಗೆ ರೆಕ್ಕೆ ಬಂದರೆ ಯಾವ ಲೆಕ್ಕಕ್ಕೆ ಬರೆಯೋದು ಹೇಳಿ?"

ನನಗೆ ತೋಚಲಿಲ್ಲ. ಸಲಾನಿನವರನ್ನೇ ಕೇಳುವುದೆಂದಾಯಿತು. ರಾಯರು ಬ್ಯಾಂಕಿನ ಇಂಗ್ಲಿಷಿನಲ್ಲಿ ಎರಡು ಪುಟದ ಪತ್ರ ಬರೆದರು. ಪರಿಶೀಲನೆಗೆಂದು ಫೈಲನ್ನೂ ಜೊತೆಗೆ ಕಳಿಸಬೇಕಲ್ಲ, 466 ಎಂಬಿ. ಜಿಮೇಲು 25 ಎಂಬಿಗಿಂತ ಹೆಚ್ಚಿನ ಹೊರೆ ಹೊರುವುದಿಲ್ಲ. ಫೈಲನ್ನು ಕುಗ್ಗಿಸಿದರೆ ಪುರಾವೆ ಕೆಡುತ್ತದೆ, ಕುಗ್ಗಿಸದಿದ್ದರೆ ಹೋಗುವುದಿಲ್ಲ. ರಾತ್ರಿ ಹತ್ತಾದರೂ ಇಬ್ಬರೂ ಪರದೆ ನೋಡಿಕೊಂಡು ಕೂತಿದ್ದೆವು.

ಮನೆಯಾಕೆ ಊಟಕ್ಕೆ ಕರೆಯಲು ಬಂದವರು ವಿಷಯ ಕೇಳಿದರು. ತಮ್ಮ ಫೋನು ತೆಗೆದು, ಮಗಳು ಅಂದೇ ಬೆಳಿಗ್ಗೆ ಗೋಡೆಯ ಮುಂದೆ ನಿಂತು ಕ್ಲಿಕ್ಕಿಸಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದ ಚಿತ್ರವನ್ನು ಹಿಗ್ಗಿಸಿ ಗಂಡನ ಮುಖದ ಮುಂದೆ ಹಿಡಿದರು.

"ನೋಡೀಂದ್ರೆ, ಇದರಲ್ಲಿ ನೊಣಾನೂ ಇಲ್ಲ, ಧೂಳೂ ಇಲ್ಲ. ಇದನ್ನೇ ಕಳಿಸಿ, ಸಾರು ಆರ್ತಾ ಇದೆ."